ಮನೆಗೆ ಬಂದ್ರೂ ಗೀಸರ್ ಆನ್ ಆಗಲ್ಲ, ಬೆಳಗಿನ ಜಾವ 3ಕ್ಕೆ ತಾನೇ ಆನ್ ಆಗುತ್ತೆ – ಲೊಕೇಶನ್ ಟ್ರಿಗರ್ ಎಡವುತ್ತಿರೋದು ಎಲ್ಲಿ?

ಹಂಡೆನೀರು · ಸೋಮವಾರ ಬೆಳಿಗ್ಗೆ 7:40

ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್) ಮೇಲೆ ಹೋಮ್ ಅಸಿಸ್ಟೆಂಟ್, ಅಂದ್ರೆ ಮನೆಯ ಲೈಟು, ಸ್ವಿಚ್ಚು ತಾನಾಗೇ ನಡೆಸೋ ಸಾಫ್ಟ್‌ವೇರ್. ಬೆಂಗಳೂರು, ಅಪಾರ್ಟ್‌ಮೆಂಟಿನ 5ನೇ ಮಹಡಿ, ಕಾರು ನಿಲ್ಲೋದು ಎರಡನೇ ಬೇಸ್‌ಮೆಂಟಲ್ಲಿ. ನನ್ನದು ಆಂಡ್ರಾಯ್ಡ್ 14, ಮನೆಯವರದು ಐಫೋನ್. ಗೀಸರ್ 15 ಲೀಟರ್, 2 ಕಿಲೋವ್ಯಾಟ್. ಟಾಸ್ಮೋಟಾ (ಸ್ವಿಚ್ಚಿನೊಳಗೇ ಓಡೋ ಸಾಫ್ಟ್‌ವೇರ್) ಹಾಕಿರೋ 16 ಆಂಪ್ ಸ್ವಿಚ್ಚಿನ ಮೇಲಿದೆ.

ಆಟೊಮೇಶನ್ ಒಂದೇ, ಟ್ರಿಗರ್ ಎರಡು. ಒಂದು, ನನ್ನ ಪರ್ಸನ್ ಎಂಟಿಟಿ (ಫೋನಿನ ಜಿಪಿಎಸ್ ನೋಡಿ ನಾನು ಎಲ್ಲಿದ್ದೀನಿ ಅಂತ ತೋರಿಸೋದು) ನಾಟ್‌ಹೋಮ್‌ನಿಂದ ಹೋಮ್‌ಗೆ ಬದಲಾದಾಗ. ಇನ್ನೊಂದು, ಐಫೋನಿನ ಎನ್‌ಮ್ಯಾಪ್ ಟ್ರ್ಯಾಕರ್ (ಮನೆ ವೈಫೈಯಲ್ಲಿ ಫೋನ್ ಇದೆಯಾ ಅಂತ ಹುಡುಕೋದು) ನಾಟ್‌ಹೋಮ್‌ನಿಂದ ಹೋಮ್‌ಗೆ ಬದಲಾದಾಗ. ಯಾವುದಾದ್ರೂ ಆದ್ರೆ ಗೀಸರ್ ಆನ್, 30 ನಿಮಿಷ ಡಿಲೇ, ಆಮೇಲೆ ಆಫ್.

ಹೋಮ್ ಜೋನ್ (ನಕ್ಷೆಯಲ್ಲಿ ಮನೆ ಸುತ್ತ ಎಳೆದ ವೃತ್ತ) ತ್ರಿಜ್ಯ 30 ಮೀಟರ್, ನಿಖರವಾಗಿರಲಿ ಅಂತ. ಹೋದ ತಿಂಗಳು ‘ಮನೆ ಹತ್ರ’ ಅಂತ 800 ಮೀಟರಿನ ಇನ್ನೊಂದು ಜೋನ್ ಸೇರಿಸಿದೆ, ಮುಂದೆ ಬೇಕಾದೀತು ಅಂತ. ಅದನ್ನ ಯಾವ ಆಟೊಮೇಶನ್ನಿನಲ್ಲೂ ಬಳಸಿಲ್ಲ.

ತೊಂದರೆ ಎರಡು. ಸಂಜೆ ನಾನು ಬಂದ್ರೆ ಗೀಸರ್ ಆನ್ ಆಗಲ್ಲ, ಹಿಸ್ಟರಿಯಲ್ಲಿ ಮಾತ್ರ ಹೋಮ್ ಅಂತಾನೇ ಇರುತ್ತೆ. ಮನೆಯವರು ಬಂದಾಗ ಆನ್ ಆಗುತ್ತೆ. ಆದ್ರೆ ಕೆಲವು ದಿನ ಬೆಳಗಿನ ಜಾವ 3ರ ಸುಮಾರಿಗೆ, ಎಲ್ಲರೂ ಮಲಗಿದ್ದಾಗ, ತಾನಾಗೇ ಆನ್ ಆಗುತ್ತೆ. ಇವತ್ತೂ ಆಯ್ತು. ಜಿಪಿಎಸ್ ಡ್ರಿಫ್ಟಾ (ಫೋನ್ ಅಲ್ಲಾಡದೆ ಜಾಗ ಮಾತ್ರ ಅಲೆದಾಡೋದು)?

ಮಂಡ್ಯಮೀಟರ್ · 7:52

30 ಮೀಟರ್ ಜೋನ್ ಮಡಗ್ಬುಟ್ಟು ಜಿಪಿಎಸ್ ಬೈದ್ರೆ ಹೆಂಗೆ ಗುರು. ಮೊದ್ಲು 100 ಮಾಡಿ, ಆಮೇಲ್ ಮಾತಾಡಮ.

ಗಿರ್ಮಿಟ್ · 8:05

ಜಿಪಿಎಸ್ಸ ತಗದ ಒಗೀರಿ. ಮನಿಗೆ ಬಂದಾರೋ ಇಲ್ಲೋ ಅಂತ ತಿಳೀಲಿಕ್ಕೆ ವೈಫೈ ಸಾಕ್ರಿ. ಫೋನ್ ರೂಟರಿಗೆ ಹತ್ತಿದ್ರ ಮನ್ಯಾಗ ಅದಾರ, ಹತ್ತಲಿಲ್ಲಂದ್ರ ಇಲ್ಲ. ಬ್ಯಾಟರೀನೂ ಉಳೀತದ.

ಸೊನ್ನೆಒಂದು · 8:31

ಗಿರ್ಮಿಟ್, ಅವರ ಎರಡನೇ ಟ್ರಿಗರ್ ವೈಫೈನೇ. ಬೆಳಗಿನ ಜಾವ ಕೈಕೊಡ್ತಿರೋದೂ ಅದೇ ಇರಬಹುದು.

ಹಂಡೆನೀರು, ಊಹೆ ಮಾಡೋ ಮೊದಲು ಟ್ರೇಸ್ (ಆಟೊಮೇಶನ್ ಓಡಿದ್ದರ ದಾಖಲೆ) ನೋಡಿ. ಸೆಟ್ಟಿಂಗ್ಸ್, ಆಟೊಮೇಶನ್ಸ್, ನಿಮ್ಮ ಗೀಸರ್ ಆಟೊಮೇಶನ್, ಮೇಲೆ ಬಲಗಡೆ ಟ್ರೇಸಸ್. ಪ್ರತಿ ಆಟೊಮೇಶನ್ನಿಗೂ ಕೊನೆಯ 5 ಓಟ ಮಾತ್ರ ಉಳಿಸಿಟ್ಟುಕೊಳ್ಳುತ್ತೆ, ಇನ್ನೂ ನಾಲ್ಕು ಸಲ ಓಡೋದ್ರೊಳಗೆ ನೋಡಿಬಿಡಿ. ಇವತ್ತು 3 ಗಂಟೆಯದನ್ನ ತೆರೆದ್ರೆ ಯಾವ ಟ್ರಿಗರ್ ಹೊಡೀತು, ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಯ್ತು, ಎರಡೂ ಇರುತ್ತೆ.

ಇನ್ನೊಂದು ಪ್ರಶ್ನೆ: 3 ಗಂಟೆ ಅಂದ್ರೆ ಪ್ರತಿ ಸಲ 3 ಗಂಟೆನೇನಾ? ವಾರದ ಯಾವ ದಿನ? ಡ್ರಿಫ್ಟ್ ಆಗಿದ್ರೆ ಒಂದು ದಿನ 1:20ಕ್ಕೆ, ಇನ್ನೊಂದು ದಿನ 4:45ಕ್ಕೆ ಆಗಬೇಕಿತ್ತು. ಗಡಿಯಾರ ಹಿಡಿದುಕೊಂಡು ಬರೋ ದೆವ್ವ ಜಿಪಿಎಸ್ ಅಲ್ಲ.

ಬೇಲೂರುಬೈಟ್ · 8:48

ಎಲ್ಲಕ್ಕಿಂತ ಮೊದಲು ಆ 30 ನಿಮಿಷದ ಡಿಲೇ ತೆಗೀರಿ. ಆಟೊಮೇಶನ್ ಒಳಗಿನ ಡಿಲೇ ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದ್ರೆ ಉಳಿಯಲ್ಲ. ಗೀಸರ್ ಆನ್ ಆಗಿ 10ನೇ ನಿಮಿಷಕ್ಕೆ ಪೈ ರೀಬೂಟ್ ಆಯ್ತು ಅಂದ್ಕೊಳ್ಳಿ, ಆಫ್ ಮಾಡೋರು ಯಾರೂ ಇಲ್ಲ. ಥರ್ಮೋಸ್ಟಾಟ್ ಇದೆ ನಿಜ, ಆದ್ರೆ ಅದೊಂದನ್ನೇ ನಂಬಿ ಕೂರಬಾರದು.

ಟಾಸ್ಮೋಟಾ ಕನ್ಸೋಲಲ್ಲಿ ಪಲ್ಸ್‌ಟೈಮ್ ಹಾಕಿಡಿ. ಆಗ ಪೈ ಸತ್ತರೂ ವೈಫೈ ಹೋದರೂ ಸ್ವಿಚ್ ತನ್ನಷ್ಟಕ್ಕೆ ತಾನೇ ಆಫ್ ಆಗುತ್ತೆ.

ಹಂಡೆನೀರು · 9:20

ಟ್ರೇಸ್ ನೋಡಿದೆ. ಹೊಡೆದಿರೋದು ಎರಡನೇ ಟ್ರಿಗರ್, ಐಫೋನಿನ ಎನ್‌ಮ್ಯಾಪ್. 3:02:10ಕ್ಕೆ ನಾಟ್‌ಹೋಮ್, 3:04:10ಕ್ಕೆ ಹೋಮ್. ಹಿಸ್ಟರಿ ನೋಡಿದ್ರೆ ಹಿಂದಿನದೂ ಸೋಮವಾರವೇ, ಎರಡು ವಾರದ ಹಿಂದೆ, 3:02ರಿಂದ 3:04. ನಡುವಿನ ಸೋಮವಾರ ಏನೂ ಇಲ್ಲ.

ಸೊನ್ನೆಒಂದು · 9:26

ರೂಟರಲ್ಲಿ ಶೆಡ್ಯೂಲ್ಡ್ ರೀಬೂಟ್ ಇದೆಯಾ ನೋಡಿ. ಸಿಸ್ಟಂ ಅಥವಾ ಮೇಂಟೆನೆನ್ಸ್ ಪುಟದಲ್ಲಿರುತ್ತೆ.

ಹಂಡೆನೀರು · 9:41

ಇದೆ! ಪ್ರತಿ ಸೋಮವಾರ 3:00. ಆದ್ರೆ ಹಾಗಿದ್ರೆ ಪ್ರತಿ ಸೋಮವಾರವೂ ಆಗಬೇಕಿತ್ತಲ್ವಾ?

ಸೊನ್ನೆಒಂದು · 10:02

ಇಲ್ಲ, ಲೆಕ್ಕ ಹಾಕಿ. ಎನ್‌ಮ್ಯಾಪ್ ಟ್ರ್ಯಾಕರ್ 120 ಸೆಕೆಂಡಿಗೊಮ್ಮೆ ಸ್ಕ್ಯಾನ್ ಮಾಡುತ್ತೆ. ಕನ್ಸಿಡರ್ ಹೋಮ್ 180 ಸೆಕೆಂಡ್, ಅಂದ್ರೆ ಕೊನೆಯ ಸಲ ಕಂಡು 180 ಸೆಕೆಂಡ್ ದಾಟಿದ ಮೇಲೇ ಹೊರಗೆ ಅಂತ ಬರೆಯೋದು. ಎರಡೂ ಡೀಫಾಲ್ಟ್; ನೀವು ಮುಟ್ಟಿಲ್ಲ ಅಂದ್ಕೊಳ್ತೀನಿ. ರೂಟರ್ ಎದ್ದು ನಿಲ್ಲೋಕೆ ಸುಮಾರು ಮೂರೂವರೆ ನಿಮಿಷ ಅಂತ ಇಟ್ಕೊಳ್ಳಿ.

ಇವತ್ತು: ಕೊನೆಯ ಸಲ ಕಂಡಿದ್ದು 2:58:10. 3:00:10ರ ಸ್ಕ್ಯಾನಲ್ಲಿ ಇಲ್ಲ, 120 ಸೆಕೆಂಡ್, ಕ್ಷಮೆ. 3:02:10ರಲ್ಲೂ ಇಲ್ಲ, 240 ಸೆಕೆಂಡ್, ಹೊರಗೆ. 3:03:30ಕ್ಕೆ ರೂಟರ್ ಎದ್ದಿತು. 3:04:10ಕ್ಕೆ ಫೋನ್ ಕಂಡಿತು, ಮನೆಗೆ ಬಂದರು, ಗೀಸರ್ ಹಾಕಪ್ಪ.

ಆಗದ ವಾರ: ಕೊನೆಯ ಸಲ ಕಂಡಿದ್ದು 2:59:50 ಇರಬೇಕು. 3:01:50ಕ್ಕೆ ಇಲ್ಲ. 3:03:50ರ ಹೊತ್ತಿಗೆ ರೂಟರ್ ವಾಪಸ್, ಫೋನೂ ವಾಪಸ್. ಹೊರಗೆ ಅಂತ ಬರೆಯೋ ಅವಕಾಶವೇ ಬರಲಿಲ್ಲ. ಸ್ಕ್ಯಾನ್ ಯಾವ ಸೆಕೆಂಡಿಗೆ ಬೀಳುತ್ತೆ ಅನ್ನೋದರ ಮೇಲೆ ಇಡೀ ಆಟ.

ಮಂಡ್ಯಮೀಟರ್ · 10:09

ಅಯ್ಯೋ ಶಿವನೆ. ನಾನು ಜಿಪಿಎಸ್ ಬೈದಿದ್ದು ವಾಪಸ್ ತಗೊಂಡೆ. ಆದ್ರೂ 30 ಮೀಟರ್ ತಪ್ಪೇ.

ಕುಡ್ಲದಕಡಲು · 10:15

ಇದು ಬರೀ ರೀಬೂಟಿನ ಕಥೆ ಅಲ್ಲ ಮಾರಾಯ್ರೆ. ಕರೆಂಟ್ ಹೋದಾಗ್ಲೂ ಇದೇ ಆಗುವುದು. ಪೈಗೆ ಯುಪಿಎಸ್ ಉಂಟು, ರೂಟರಿಗೆ ಇಲ್ಲ ಅಂದ್ರೆ ಪೈ ಕಣ್ಣಿಗೆ ಎಲ್ಲರೂ ಮನೆ ಬಿಟ್ಟು ಹೋದರು. ಕರೆಂಟ್ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ವಾಪಸ್! ಗಿರ್ಮಿಟ್ ಹೇಳಿದ ಹಾಗೆ ವೈಫೈ ಒಂದೇ ಸಾಕು ಅಂತ ಬಿಟ್ಟರೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಬಿಸಿನೀರು.

ಪರಿಹಾರ: ಪಿಂಗ್ ಇಂಟಿಗ್ರೇಶನ್ (ಒಂದು ಸಾಧನ ಉತ್ತರ ಕೊಡ್ತದಾ ಅಂತ ಕೇಳಿ ನೋಡುವುದು) ಹಾಕಿ ರೂಟರಿನ ಐಪಿಯನ್ನೇ ಪಿಂಗ್ ಮಾಡಿ. ಆನ್, ಆಫ್ ಎರಡೇ ಹೇಳುವ ಬೈನರಿ ಸೆನ್ಸರ್ ಬರ್ತದೆ. ಗೀಸರ್ ಆಟೊಮೇಶನ್ನಿನಲ್ಲಿ ಕಂಡೀಶನ್ ಇಡಿ: ಆ ಸೆನ್ಸರ್ ಕನಿಷ್ಠ 10 ನಿಮಿಷದಿಂದ ಆನ್ ಇರಬೇಕು. ರೂಟರ್ ಈಗಷ್ಟೇ ಎದ್ದಿದ್ರೆ ಯಾರು ಬಂದರು ಹೋದರು ಅನ್ನುವುದನ್ನು ನಂಬುವುದು ಬೇಡ. ಜೊತೆಗೆ ಕನ್ಸಿಡರ್ ಹೋಮನ್ನು 600ಕ್ಕೆ ಏರಿಸಿ. ಐಫೋನ್ ನಿದ್ದೆಗೆ ಹೋಗಿ ಸ್ಕ್ಯಾನಿಗೆ ಉತ್ತರ ಕೊಡದೆ ಇರುವುದು ಸಾಮಾನ್ಯ, 180 ಸೆಕೆಂಡ್ ಅದಕ್ಕೆ ಯಾವ ಮೂಲೆಗೂ ಸಾಲದು.

ಗಿರ್ಮಿಟ್ · 10:22

ರೂಟರಿಗೂ ಓಎನ್‌ಟಿಗೂ (ಫೈಬರ್ ಬಂದು ಕೂಡೂ ಡಬ್ಬಿ) ಸಣ್ಣ 12 ವೋಲ್ಟ್ ಯುಪಿಎಸ್ ಹಚ್ಚಿದ್ರ ಮುಗೀತಲ್ರಿ. ಇಷ್ಟ ಯಾಕ ಸುತ್ತ ಬಳಸ್ತೀರಿ.

ಕುಡ್ಲದಕಡಲು · 10:24

ಯುಪಿಎಸ್ ಹಚ್ಚಿದ್ರೂ ಸೋಮವಾರದ ರೀಬೂಟ್ ನಿಲ್ಲುವುದಿಲ್ಲ ಅಲ್ವಾ.

ಗಿರ್ಮಿಟ್ · 10:25

ಅದೂ ಖರೆ.

ತಂತಿಮೀಟಿದವ · 10:50

ಎಲ್ಲರೂ ಎರಡನೇ ಟ್ರಿಗರ್ ಹಿಂದೆ ಬಿದ್ರಿ. ಮೊದಲನೇದು ಯಾಕೆ ಹೊಡೀತಿಲ್ಲ ಅನ್ನೋದು ಅವರ ಪೋಸ್ಟಲ್ಲೇ ಇದೆ. ‘ಮನೆ ಹತ್ರ’ ಜೋನನ್ನ ಯಾವ ಆಟೊಮೇಶನ್ನಿನಲ್ಲೂ ಬಳಸಿಲ್ಲ ಅಂದ್ರಲ್ಲ, ತಪ್ಪು ಅಲ್ಲೇ ಇರೋದು.

ಜೋನ್ ಮಾಡಿದ ಕ್ಷಣದಿಂದ ಅದರ ಹೆಸರು ಪರ್ಸನ್ ಎಂಟಿಟಿಯ ಸ್ಥಿತಿ ಆಗುತ್ತೆ, ನೀವು ಬಳಸಿ ಬಿಡಿ. ಮೊದಲು ಆಫೀಸಿಂದ ಬರುವಾಗ ನಾಟ್‌ಹೋಮ್, ಹೋಮ್, ಅಷ್ಟೇ ಇತ್ತು. ಈಗ ನಾಟ್‌ಹೋಮ್, ‘ಮನೆ ಹತ್ರ’, ಹೋಮ್. ನಿಮ್ಮ ಟ್ರಿಗರ್ ಕಾಯ್ತಿರೋದು ನಾಟ್‌ಹೋಮ್‌ನಿಂದ ನೇರವಾಗಿ ಹೋಮ್‌ಗೆ ಹಾರೋದನ್ನ. ಅದು ಇನ್ನು ಆಗೋದೇ ಇಲ್ಲ; ಫೋನ್ ನಡುವಿನ ಅಪ್‌ಡೇಟ್ ತಪ್ಪಿಸಿದ ದಿನ ಮಾತ್ರ ಅಪರೂಪಕ್ಕೆ ಆಗುತ್ತೆ. ಅಂಥ ದಿನ ಅದು ಕೆಲಸ ಮಾಡಿ ಇನ್ನಷ್ಟು ಗೊಂದಲ ಹುಟ್ಟಿಸುತ್ತೆ ಬೇರೆ.

ಹೊರಡುವಾಗಲೂ ಇದೇ ಗುಂಡಿ. ‘ಹೋಮ್‌ನಿಂದ ನಾಟ್‌ಹೋಮ್‌ಗೆ’ ಅಂತ ಬರೆದಿರೋ ಲೈಟ್ ಆಫ್, ಫ್ಯಾನ್ ಆಫ್ ಎಲ್ಲ ಹೋದ ತಿಂಗಳಿಂದ ಸುಮ್ಮನಿರಬೇಕು. ಪರೀಕ್ಷೆ ಮಾಡಿ.

ತಿದ್ದೋದು ಹೀಗೆ. ಬರೋದಕ್ಕೆ: ಟು ಜಾಗದಲ್ಲಿ ಹೋಮ್ ಮಾತ್ರ ಇಡಿ, ಫ್ರಮ್ ತೆಗೆದುಹಾಕಿ. ಆದ್ರೆ ಹಾಗೇ ಬಿಟ್ರೆ ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದಾಗ ಅನ್‌ನೋನ್‌ನಿಂದ ಹೋಮ್‌ಗೆ ಬಂದದ್ದೂ ಬಂದ ಹಾಗೇ ಲೆಕ್ಕ. ಅದಕ್ಕೆ ಯಾಮೆಲ್‌ನಲ್ಲಿ (ಆಟೊಮೇಶನ್ನಿನ ಬರಹ ರೂಪ) ‘ನಾಟ್ ಫ್ರಮ್’ ಅಂತ ಒಂದು ಸಾಲು ಸೇರಿಸಿ ಅನ್‌ನೋನ್, ಅನ್‌ಅವೈಲಬಲ್ ಎರಡನ್ನೂ ಬರೀರಿ. ಹೋಗೋದಕ್ಕೆ: ಫ್ರಮ್ ಹೋಮ್ ಮಾತ್ರ, ಟು ಖಾಲಿ, ಜೊತೆಗೆ ‘ಫಾರ್’ (ಇಷ್ಟು ಹೊತ್ತು ಹಾಗೇ ಇದ್ರೆ ಮಾತ್ರ) 5 ನಿಮಿಷ.

ಆ ‘ಫಾರ್’ ಕೂಡ ರೀಸ್ಟಾರ್ಟ್ ಆದ್ರೆ, ಆಟೊಮೇಶನ್ ರೀಲೋಡ್ ಮಾಡಿದ್ರೆ ಅಳಿಸಿಹೋಗುತ್ತೆ. ಅದರ ಮೇಲೆ ಜೀವ ಇಡಬೇಡಿ.

ಡಲ್ಲಾಸ್‌ದೋಸೆ · 11:04

ಒಂದರ ಒಳಗೆ ಒಂದು ಜೋನ್ ಇದ್ರೆ ಯಾವುದು ತೋರಿಸುತ್ತೆ? ಎರಡರೊಳಗೂ ಇರ್ತೀವಲ್ಲ.

ತಂತಿಮೀಟಿದವ · 11:11

ಯಾವ ಜೋನಿನ ಕೇಂದ್ರ ಹತ್ತಿರವೋ ಅದು. ಎರಡರ ಕೇಂದ್ರವೂ ಒಂದೇ ಆದ್ರೆ ಚಿಕ್ಕದು ಗೆಲ್ಲುತ್ತೆ. ಹಾಗಾಗಿ ಹೊರಗಿನ ಜೋನನ್ನ ಮನೆ ಮೇಲೇ ಕೇಂದ್ರ ಇಟ್ಟು ಬರೆಯಿರಿ, ನಕ್ಷೆಯಲ್ಲಿ ಅಂದಾಜಿಗೆ ಎಳೀಬೇಡಿ. ಅಕ್ಷಾಂಶ ರೇಖಾಂಶ ಕಾಪಿ ಮಾಡಿ.

ಇದು ಸ್ಥಿತಿ ಏನು ತೋರಿಸುತ್ತೆ ಅನ್ನೋದರ ಮಾತು ಮಾತ್ರ. ಜೋನ್ ಟ್ರಿಗರ್ ಬೇರೆ ಜಾತಿ. ಅದು ಆ ಒಂದು ಜೋನಿನ ಒಳಗಾ ಹೊರಗಾ ಅಂತಷ್ಟೇ ನೋಡುತ್ತೆ, ಸ್ಥಿತಿಯ ಹೆಸರು ಏನಿದ್ರೂ ಚಿಂತೆ ಇಲ್ಲ. ಆದ್ರೆ ಅದಕ್ಕೆ ಅಕ್ಷಾಂಶ ರೇಖಾಂಶ ಬೇಕೇ ಬೇಕು. ರೂಟರ್ ಟ್ರ್ಯಾಕರಿಗೆ ಅದಿಲ್ಲ, ಕೊಟ್ಟರೆ ಏನೂ ಆಗಲ್ಲ, ತಪ್ಪು ಅಂತ ಕೂಗೋದೂ ಇಲ್ಲ.

ಮಂಡ್ಯಮೀಟರ್ · 11:15

ಸರಿ, 30 ಮೀಟರ್ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ?

ಸೊನ್ನೆಒಂದು · 11:38

ಮಾತಾಡೋಣ, ಅದು ಮಜವಾಗಿದೆ. ಜೋನ್ ಚಿಕ್ಕದಾದ್ರೆ ನಿಖರ ಅನ್ನೋದು ತಪ್ಪು. ಹೋಮ್ ಅಸಿಸ್ಟೆಂಟ್ ದೂರವನ್ನ ಹಾಗೇ ಹೋಲಿಸಲ್ಲ. ದೂರದಿಂದ ಜಿಪಿಎಸ್ ಅಕ್ಯುರಸಿಯನ್ನ (ಜಾಗ ಎಷ್ಟು ಮೀಟರ್ ತಪ್ಪಿರಬಹುದು ಅನ್ನೋ ಅಂದಾಜು) ಕಳೀತದೆ, ಉಳಿದದ್ದು ತ್ರಿಜ್ಯಕ್ಕಿಂತ ಕಡಿಮೆ ಇದ್ರೆ ಒಳಗೆ.

ಉದಾಹರಣೆ: ಫೋನ್ 220 ಮೀಟರ್ ದೂರದಲ್ಲಿದೆ, ಅಕ್ಯುರಸಿ 195. 220ರಲ್ಲಿ 195 ಕಳೆದ್ರೆ 25. 30ಕ್ಕಿಂತ ಕಡಿಮೆ. ಹೋಮ್! ಬೀದಿ ತುದಿಯಲ್ಲಿದ್ರೂ ಮನೆಯೊಳಗೆ.

ಈಗ ತಿರುಗಿಸಿ. ಮನೆಯೊಳಗೇ ಇದ್ದೀರಿ, ಸುತ್ತ ಗೋಡೆ. ಫೋನ್ ಪಕ್ಕದ ಕಟ್ಟಡದ ವೈಫೈ ನೋಡಿ 70 ಮೀಟರ್ ದೂರದ ಜಾಗ ತೋರಿಸಿ, ಅಕ್ಯುರಸಿ 20 ಅಂತ ಬಡಾಯಿ ಕೊಚ್ಚಿಕೊಳ್ತು. ಉಳಿದದ್ದು 50. 30ರ ಜೋನಿಗೆ ನೀವು ಹೊರಗೆ, 100ರ ಜೋನಿಗೆ ಒಳಗೆ. ಅಂದ್ರೆ ಕೆಟ್ಟ ಫಿಕ್ಸ್ (ಫೋನ್ ಒಂದು ಸಲ ಲೆಕ್ಕ ಹಾಕಿದ ಜಾಗ) ನಿಮ್ಮನ್ನ ಒಳಗೆ ಎಳೀತದೆ, ಸುಳ್ಳು ಆತ್ಮವಿಶ್ವಾಸದ ಫಿಕ್ಸ್ ಹೊರಗೆ ತಳ್ಳುತ್ತೆ. ಚಿಕ್ಕ ಜೋನಿಗೆ ಎರಡೂ ಕಡೆಯಿಂದ ಪೆಟ್ಟು.

ಹೋಮ್ ಅಸಿಸ್ಟೆಂಟಿನ ಆಂಡ್ರಾಯ್ಡ್ ಆ್ಯಪಲ್ಲಿ ‘ಮಿನಿಮಮ್ ಅಕ್ಯುರಸಿ’ ಅಂತ ಸೆಟ್ಟಿಂಗ್ ಇದೆ: ಕಂಪ್ಯಾನಿಯನ್ ಆ್ಯಪ್, ಮ್ಯಾನೇಜ್ ಸೆನ್ಸರ್ಸ್, ಬ್ಯಾಕ್‌ಗ್ರೌಂಡ್ ಲೊಕೇಶನ್. ಡೀಫಾಲ್ಟ್ 200. ಅದಕ್ಕಿಂತ ಕೆಟ್ಟ ಫಿಕ್ಸನ್ನ ಆ್ಯಪ್ ಕಳಿಸೋದೇ ಇಲ್ಲ. 100ಕ್ಕೆ ಇಳಿಸಬಹುದು. 20, 30 ಮಾಡೋಕೆ ಹೋಗಬೇಡಿ, ಒಳಾಂಗಣದಲ್ಲಿ ಒಂದು ಅಪ್‌ಡೇಟೂ ಹೋಗದೆ ಟ್ರ್ಯಾಕರ್ ಹಳಸಿದ ಜಾಗ ಹಿಡ್ಕೊಂಡು ಕೂತಿರುತ್ತೆ.

ಹೋಮ್ ಜೋನ್ 100ರಿಂದ 150. ಡೀಫಾಲ್ಟ್ 100 ಇರೋದಕ್ಕೆ ಕಾರಣ ಇದೆ.

ಐಫೋನಮ್ಮ · ಮಧ್ಯಾಹ್ನ 12:20

ಐಫೋನಲ್ಲಿ 30 ಮೀಟರ್ ಇನ್ನೂ ಅಧ್ವಾನ. ಐಓಎಸ್ ಒಂದು ಆ್ಯಪಿಗೆ 20 ಪ್ರದೇಶ ಮಾತ್ರ ಕಾಯೋಕೆ ಬಿಡುತ್ತೆ. 100 ಮೀಟರಿಗಿಂತ ಚಿಕ್ಕ ಜೋನ್ ಕೊಟ್ರೆ ಹೋಮ್ ಅಸಿಸ್ಟೆಂಟ್ ಆ್ಯಪ್ ಅದನ್ನ ಒಂದರ ಮೇಲೊಂದು ಬೀಳೋ ಮೂರು ವೃತ್ತ ಮಾಡಿ ನಿಭಾಯಿಸುತ್ತೆ, ಅಂದ್ರೆ 20ರಲ್ಲಿ ಮೂರು ಅಲ್ಲೇ ಖರ್ಚು. ಏಳೆಂಟು ಚಿಕ್ಕ ಜೋನ್ ಇಟ್ಟವರು ಕೋಟಾ ಮುಗಿಸಿಕೊಂಡು ‘ಕೆಲವು ಜೋನ್ ಕೆಲಸ ಮಾಡ್ತಿಲ್ಲ’ ಅಂತ ಬರ್ತಾರೆ.

ಇನ್ನು ಆ ಐಫೋನನ್ನ ಎನ್‌ಮ್ಯಾಪಿಂದ ಯಾಕೆ ಹಿಡೀತಿದ್ದೀರಿ? ಆ್ಯಪ್ ಹಾಕಿ. ನೋಡಬೇಕಾದ್ದು ಇಷ್ಟು: ಲೊಕೇಶನ್ ‘ಆಲ್ವೇಸ್’ ಆಗಿರಬೇಕು, ‘ಪ್ರಿಸೈಸ್ ಲೊಕೇಶನ್’ ಆನ್ ಇರಬೇಕು, ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಆನ್ ಇರಬೇಕು. ಬ್ಯಾಟರಿ ಐಕಾನ್ ಹಳದಿ ಇದ್ರೆ ಲೋ ಪವರ್ ಮೋಡ್, ಅದರಲ್ಲಿ ರಿಫ್ರೆಶ್ ನಿಂತುಹೋಗುತ್ತೆ. ಆಮೇಲೆ ಆಗಾಗ ‘ಈ ಆ್ಯಪ್ ನಿಮ್ಮ ಲೊಕೇಶನ್ ಬಳಸ್ತಿದೆ, ಹೀಗೇ ಇರಲಾ’ ಅಂತ ನಕ್ಷೆ ಸಮೇತ ಕೇಳುತ್ತೆ. ಅವಸರದಲ್ಲಿ ‘ಬಳಸುವಾಗ ಮಾತ್ರ’ ಒತ್ತಿದ್ರೆ ಅವತ್ತಿಂದ ಎಲ್ಲ ಬಂದ್. ಮನೆಯವರ ಫೋನಲ್ಲಿ ಮೊದಲು ಇದನ್ನೇ ನೋಡಿ.

ಐಓಎಸ್ ಗಡಿ ದಾಟಿದ ಕೂಡಲೇ ಕೂಗಲ್ಲ, ಸ್ವಲ್ಪ ದೂರ ಹೋಗಿ ಸುಮಾರು 20 ಸೆಕೆಂಡ್ ಅಲ್ಲೇ ಇದ್ದೀರಾ ಅಂತ ಖಚಿತ ಮಾಡ್ಕೊಳ್ಳುತ್ತೆ. ಗೇಟ್ ದಾಟಿ ಎರಡು ಹೆಜ್ಜೆ ಇಟ್ಟು ‘ಆಗಲಿಲ್ಲ’ ಅಂತ ಪರೀಕ್ಷೆ ಮುಗಿಸಬೇಡಿ. ‘ಸಿಗ್ನಿಫಿಕಂಟ್ ಲೊಕೇಶನ್ ಚೇಂಜ್’ ಅನ್ನೋ ಇನ್ನೊಂದು ದಾರಿ ಇದೆ, ಅದು 500 ಮೀಟರ್ ಆಸುಪಾಸು ಸರಿದಾಗ, ಅದೂ 5 ನಿಮಿಷಕ್ಕೊಂದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಎನ್‌ಮ್ಯಾಪ್ ಇಟ್ಕೊಳ್ಳೋದೇ ಆದ್ರೆ ಆ ವೈಫೈಗೆ ಪ್ರೈವೇಟ್ ವೈಫೈ ಅಡ್ರೆಸನ್ನ ಐಓಎಸ್ 18ರಲ್ಲಿ ‘ಫಿಕ್ಸೆಡ್’ ಮಾಡಿ. ‘ರೊಟೇಟಿಂಗ್’ ಇದ್ರೆ ಮ್ಯಾಕ್ (ವೈಫೈಗೆ ಫೋನ್ ತೋರಿಸೋ ಗುರುತಿನ ಸಂಖ್ಯೆ) ಬದಲಾಗಿ ಟ್ರ್ಯಾಕರಿಗೆ ಹೊಸ ಫೋನ್ ಬಂದ ಹಾಗೆ.

ಗಿರ್ಮಿಟ್ · 12:33

ಆಂಡ್ರಾಯ್ಡಿನ್ಯಾಗೂ 10ರಿಂದ ಮ್ಯಾಕ್ ಯಾದೃಚ್ಛಿಕನ ಐತ್ರಿ. ವೈಫೈ ಹೆಸರಿನ ಮ್ಯಾಲೆ ಒತ್ತಿ ಪ್ರೈವಸಿಗೆ ಹೋಗಿ ‘ಡಿವೈಸ್ ಮ್ಯಾಕ್’ ಮಾಡ್ರಿ. ಒಂದು ನೆಟ್‌ವರ್ಕಿಗೆ ಒಂದ ಮ್ಯಾಕ್ ಇರ್ತದ ಅಂದ್ರೂ, ಫ್ಯಾಕ್ಟರಿ ರೀಸೆಟ್ ಮಾಡಿದ್ರ ಹೋತು.

ಹಂಡೆನೀರು · 1:10

ನಾಟ್ ಫ್ರಮ್ ಹಾಕಿದೆ, ಜೋನ್ 120 ಮಾಡಿದೆ. ಆದ್ರೆ ಹಿಸ್ಟರಿ ಪ್ರಕಾರ ನಾನು ಲಿಫ್ಟಿಂದ ಇಳಿದು ಬಾಗಿಲು ತೆಗೆದ ಮೇಲೆ ಹೋಮ್ ಆಗ್ತಿದೆ, 6–7 ನಿಮಿಷ ತಡ. ಬೇಸ್‌ಮೆಂಟಾ?

ಬೇಲೂರುಬೈಟ್ · 1:45

ಬೇಸ್‌ಮೆಂಟ್ ಅರ್ಧ, ಆಂಡ್ರಾಯ್ಡ್ ಅರ್ಧ.

ಆಂಡ್ರಾಯ್ಡ್ 8ರಿಂದ ಹಿನ್ನೆಲೆ ಲೊಕೇಶನ್‌ಗೆ ಕಡಿವಾಣ ಇದೆ. ಜಿಯೋಫೆನ್ಸ್ (ಜೋನಿನ ಗಡಿ) ದಾಟಿದ್ದು ಗೊತ್ತಾಗೋಕೆ ಸರಾಸರಿ 2–3 ನಿಮಿಷ, ಫೋನ್ ಬಹಳ ಹೊತ್ತು ಅಲ್ಲಾಡದೆ ಇದ್ರೆ 6 ನಿಮಿಷದವರೆಗೂ ಹೋಗಬಹುದು. ಇದು ಆ್ಯಪಿನ ದೋಷ ಅಲ್ಲ, ವ್ಯವಸ್ಥೆ ಇರೋದೇ ಹಾಗೆ. ಅದರ ಮೇಲೆ ಬೇಸ್‌ಮೆಂಟಲ್ಲಿ ಜಿಪಿಎಸ್ಸೂ ಇಲ್ಲ, ಡೇಟಾನೂ ಇಲ್ಲ. ಗೇಟಲ್ಲಿ ಗಡಿ ದಾಟಿದ್ದು ಫೋನಿಗೆ ಗೊತ್ತಾಗೋ ಹೊತ್ತಿಗೆ ನೀವು ನೆಲದಡಿ, ಹೇಳಿ ಕಳಿಸೋಕೆ ದಾರಿ ಇಲ್ಲ. ಮೇಲೆ ಬಂದು ವೈಫೈ ಹಿಡಿದ ಮೇಲೆ ಕಳಿಸುತ್ತೆ.

ನಿಮ್ಮ ಕಡೆಯಿಂದ ನೋಡಬೇಕಾದ್ದು:

ಲೊಕೇಶನ್ ಅನುಮತಿ ‘ಎಲ್ಲಾ ಸಮಯದಲ್ಲೂ ಅನುಮತಿಸಿ’ ಆಗಿರಬೇಕು. ಆಂಡ್ರಾಯ್ಡ್ 11ರಿಂದ ಇದು ಪಾಪಪ್‌ನಲ್ಲಿ ಬರಲ್ಲ, ಸೆಟ್ಟಿಂಗ್ಸಿಗೇ ಹೋಗಿ ಆರಿಸಬೇಕು. ಅದರ ಕೆಳಗೆ ನಿಖರ ಸ್ಥಳದ ಸ್ವಿಚ್, ಆಂಡ್ರಾಯ್ಡ್ 12ರಿಂದ ಬಂದದ್ದು, ಆನ್ ಇರಬೇಕು. ‘ಬಳಸದಿದ್ದರೆ ಆ್ಯಪ್ ಚಟುವಟಿಕೆ ನಿಲ್ಲಿಸು’ ಆಫ್ ಮಾಡಿ. ಹೋಮ್ ಅಸಿಸ್ಟೆಂಟ್ ಆ್ಯಪನ್ನ ಯಾರೂ ದಿನಾ ತೆರೆಯಲ್ಲ, ಕೆಲವು ತಿಂಗಳಾದ ಮೇಲೆ ಆಂಡ್ರಾಯ್ಡ್ ಸದ್ದಿಲ್ಲದೆ ಅನುಮತಿ ಕಿತ್ತುಕೊಳ್ಳುತ್ತೆ. ಬ್ಯಾಟರಿ ‘ಅನ್‌ರಿಸ್ಟ್ರಿಕ್ಟೆಡ್’.

ಕಂಪನಿಗೊಂದು ಕಂಡೀಶನ್ ಬೇರೆ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಒಳಗೆ ‘ನೆವರ್ ಸ್ಲೀಪಿಂಗ್ ಆ್ಯಪ್ಸ್’ ಪಟ್ಟಿಗೆ ಸೇರಿಸಬೇಕು. ಶಓಮಿಯಲ್ಲಿ ‘ಆಟೋಸ್ಟಾರ್ಟ್’ ಆನ್, ಬ್ಯಾಟರಿ ಸೇವರ್ ‘ನೋ ರಿಸ್ಟ್ರಿಕ್ಷನ್ಸ್’. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ಗಳಲ್ಲಿ ‘ಅಲೋ ಆಟೊ ಲಾಂಚ್’ ಮತ್ತು ‘ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ’. ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ಒಮ್ಮೆ ನೋಡಿ.

ಆ್ಯಪಿನ ಟ್ರಬಲ್‌ಶೂಟಿಂಗ್ ಒಳಗೆ ಲೊಕೇಶನ್ ಇತಿಹಾಸ ಇದೆ. ಪ್ರತಿ ಫಿಕ್ಸ್ ಕಳಿಸಿತಾ, ಬಿಟ್ಟಿತಾ, ಬಿಟ್ಟಿದ್ರೆ ಯಾಕೆ, ಎಲ್ಲ ಬರೆದಿರುತ್ತೆ. ಸರ್ವರ್ ಕಡೆ ತಲೆ ಕೆರ್ಕೊಳ್ಳೋ ಮೊದಲು ಅದನ್ನ ತೆರೀರಿ.

ಡಲ್ಲಾಸ್‌ದೋಸೆ · 1:58

ಇತಿಹಾಸದಲ್ಲಿ ‘ಕಳಿಸಲು ವಿಫಲ’ ಅಂತ ಬರ್ತಿದ್ರೆ ಹೊರಗಿನ ಯುಆರ್‌ಎಲ್ ನೋಡಿ. ಮೊಬೈಲ್ ಡೇಟಾದಲ್ಲಿ ಫೋನ್ ಮನೆ ಸರ್ವರನ್ನ ಮುಟ್ಟಲೇಬೇಕು. ಮನೆ ವೈಫೈ ಮೇಲೆ ಮಾತ್ರ ನಡೆಯೋ ಸೆಟಪ್‌ನಲ್ಲಿ ಲೊಕೇಶನ್ ಮನೆಗೆ ಬಂದ ಮೇಲಷ್ಟೇ ತಿಳಿಯುತ್ತೆ, ಅದಕ್ಕೇ ‘ಬಂದದ್ದು ಗೊತ್ತಾಗುತ್ತೆ, ಹೋದದ್ದು ಗೊತ್ತಾಗಲ್ಲ’ ಅನ್ನೋ ದೂರು.

ಕುಡ್ಲದಕಡಲು · 2:06

ಹೌದು. ಮತ್ತೆ ಇಲ್ಲಿಯ ಫೈಬರ್ ಕನೆಕ್ಷನ್ ಸುಮಾರಷ್ಟು ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಹೊರಗಿನ ಐಪಿ ಹಂಚುವ ಏರ್ಪಾಡು) ಹಿಂದೆ ಇರ್ತದೆ, ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಹೊರಗಿನಿಂದ ಒಳಗೆ ಬರ್ಲಿಕ್ಕೆ ಆಗುವುದಿಲ್ಲ. ರೂಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.64ರಿಂದ 100.127ರ ಒಳಗೆ ಶುರುವಾದ್ರೆ ಅದೇ. ಹೊರಗಿನಿಂದ ಮನೆ ಸರ್ವರ್ ಮುಟ್ಟಲು ದಾರಿ ಮೂರು: ನಬು ಕಾಸಾ (ಹೋಮ್ ಅಸಿಸ್ಟೆಂಟಿನ ಕ್ಲೌಡ್ ಸೇವೆ) ಚಂದಾ, ಡೊಮೇನ್ ಇದ್ದರೆ ಕ್ಲೌಡ್‌ಫ್ಲೇರ್ ಟನಲ್, ಇಲ್ಲ ಟೇಲ್‌ಸ್ಕೇಲ್ ಅನ್ನುವ ವಿಪಿಎನ್. ಟೇಲ್‌ಸ್ಕೇಲ್ ಆದ್ರೆ ಒಂದು ಮಾತು, ಆಂಡ್ರಾಯ್ಡಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್. ಆಫೀಸ್ ವಿಪಿಎನ್ ಆನ್ ಮಾಡಿದ ಕೂಡಲೆ ಮನೆಯ ಸಂಪರ್ಕ ಕಟ್.

ಹಂಡೆನೀರು · 2:30

ಟೇಲ್‌ಸ್ಕೇಲೇ ಇರೋದು, ಆಫೀಸ್ ವಿಪಿಎನ್ ಲ್ಯಾಪ್‌ಟಾಪಲ್ಲಿ ಮಾತ್ರ. ಇತಿಹಾಸದಲ್ಲಿ ‘ಕಳಿಸಿದೆ’ ಅಂತಾನೇ ಇದೆ, ತಡವಾಗಿ ಅಷ್ಟೆ. ಹೈ ಅಕ್ಯುರಸಿ ಮೋಡ್ ಆನ್ ಮಾಡಿದ್ರೆ?

ಸೊನ್ನೆಒಂದು · 2:41

ಸದಾ ಆನ್ ಬೇಡ. ಡೀಫಾಲ್ಟ್ 5 ಸೆಕೆಂಡಿಗೊಂದು ಫಿಕ್ಸ್, ನೋಟಿಫಿಕೇಶನ್ ಪಟ್ಟಿಯಲ್ಲಿ ಕೂತೇ ಇರುತ್ತೆ, ಮಧ್ಯಾಹ್ನದೊಳಗೆ ಬ್ಯಾಟರಿ ಮಲಗುತ್ತೆ. ಆಯ್ದ ಜೋನ್ ಒಳಗೆ ಬಂದಾಗ ಮಾತ್ರ, ಇಲ್ಲ ಕಾರಿನ ಬ್ಲೂಟೂತ್ ಹತ್ತಿದಾಗ ಮಾತ್ರ ಆನ್ ಆಗೋ ಹಾಗೆ ಅದರ ಸೆಟ್ಟಿಂಗಲ್ಲೇ ಹೇಳಬಹುದು.

ತಂತಿಮೀಟಿದವ · 3:15

ಆದ್ರೆ ಮೂಲ ಪ್ರಶ್ನೆ ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಾಗ ಗೀಸರ್ ಆನ್ ಆಗಿ ಏನು ಪ್ರಯೋಜನ?

15 ಲೀಟರ್ ನೀರು, 25 ಡಿಗ್ರಿಯಿಂದ 60ಕ್ಕೆ. 15 × 4.186 × 35, ಸುಮಾರು 2,198 ಕಿಲೋಜೂಲ್. 2 ಕಿಲೋವ್ಯಾಟಿಗೆ ಭಾಗಿಸಿದ್ರೆ 1,099 ಸೆಕೆಂಡ್, 18 ನಿಮಿಷ. ನಷ್ಟ ಸೇರಿ 20 ಅನ್ನಿ. 45 ಡಿಗ್ರಿ ಸಾಕು ಅಂದ್ರೂ ಹತ್ತೂವರೆ. ಬೆಂಗಳೂರಿನ ಸಂಜೆ ಗಂಟೆಗೆ 12 ಕಿಲೋಮೀಟರ್ ವೇಗ ಸಿಕ್ಕರೆ 20 ನಿಮಿಷಕ್ಕೆ 4 ಕಿಲೋಮೀಟರ್. ನಿಮ್ಮ 800 ಮೀಟರಿನ ಜೋನ್ ಕೊಡೋದು 4 ನಿಮಿಷ.

ಹಾಗಾಗಿ ಹೊರಗಿನ ಜೋನನ್ನ 4,000 ಮೀಟರಿಗೆ ಹಿಗ್ಗಿಸಿ, ಗೀಸರನ್ನ ಅದರ ಜೋನ್ ಟ್ರಿಗರಿಗೆ, ‘ಎಂಟರ್’ಗೆ ಕಟ್ಟಿ. ಜಿಯೋಫೆನ್ಸ್ 3 ನಿಮಿಷ ತಡ ಮಾಡಿದ್ರೂ ಪರವಾಗಿಲ್ಲ, ಬೇಸ್‌ಮೆಂಟಿನ ಗೋಜೂ ಇಲ್ಲ. ರಾತ್ರಿ ಮನೆಯೊಳಗೆ ಫೋನ್ 70 ಅಲ್ಲ 700 ಮೀಟರ್ ಅಲೆದಾಡಿದ್ರೂ 4 ಕಿಲೋಮೀಟರಿನ ಗಡಿ ದಾಟಲ್ಲ, ಸುಳ್ಳು ಆನ್ ಇಲ್ಲ. ಮೊದಲನೇ ಟ್ರಿಗರನ್ನೂ ಎನ್‌ಮ್ಯಾಪ್ ಟ್ರಿಗರನ್ನೂ ಗೀಸರಿಂದ ಪೂರ್ತಿ ತೆಗೀರಿ. ಅವು ಲೈಟಿಗೆ ಇರಲಿ.

ಕಂಡೀಶನ್: ಸಂಜೆ 5ರಿಂದ 9, ಮತ್ತು ಗೀಸರ್ 2 ಗಂಟೆಯಿಂದ ಆಫ್ ಇರಬೇಕು.

ಐಫೋನಮ್ಮ · 3:22

ಆಫೀಸೇ 4 ಕಿಲೋಮೀಟರಿನ ಒಳಗಿದ್ರೆ?

ತಂತಿಮೀಟಿದವ · 3:34

ಆಗ ಗಡಿ ದಾಟೋದೇ ಇಲ್ಲ, ಈ ಉಪಾಯ ನಡೆಯಲ್ಲ. ಆಫೀಸಿಗೊಂದು 150 ಮೀಟರ್ ಜೋನ್ ಮಾಡಿ, ಅದರ ‘ಲೀವ್’ ಬಳಸಿ. ಊಟಕ್ಕೆ ಹೊರಗೆ ಹೋದ್ರೂ ಹೊಡೀತದೆ, ಸಮಯದ ಕಂಡೀಶನ್ ಅದಕ್ಕೇ. ಇನ್ನೂ ಬೇಕು ಅಂದ್ರೆ ಪ್ರಾಕ್ಸಿಮಿಟಿ ಇಂಟಿಗ್ರೇಶನ್ ಇದೆ: ದೂರ ಎಷ್ಟು, ಮನೆ ಕಡೆಗಾ ಆಚೆಗಾ, ಎರಡೂ ಕೊಡುತ್ತೆ. ವೇಜ್ ಟ್ರಾವೆಲ್ ಟೈಮ್ ಸೇರಿಸಿದ್ರೆ ಕಿಲೋಮೀಟರ್ ಬಿಟ್ಟು ನಿಮಿಷದಲ್ಲೇ ಲೆಕ್ಕ ಹಾಕಬಹುದು.

ಮಂಡ್ಯಮೀಟರ್ · 3:40

ಇದೇ ಥರ ಬಾಗಿಲ ಲಾಕೂ ತಾನೇ ತೆಗಿಯೋ ಹಂಗೆ ಮಾಡಬೋದಲ್ವಾ? ಕೈ ತುಂಬ ತರಕಾರಿ ಇದ್ದಾಗ ಸುಖ.

ಸೊನ್ನೆಒಂದು · 3:43

ಬೇಡ. ಮೇಲಿನ 220 – 195 ಲೆಕ್ಕ ಇನ್ನೊಮ್ಮೆ ಓದಿ. ನೀವು ಬೀದಿ ತುದಿಯಲ್ಲಿ ಸೊಪ್ಪು ಆರಿಸ್ತಿರುವಾಗ ಬಾಗಿಲು ಹಾರು ಹೊಡೆದಿರುತ್ತೆ.

ಬೇಲೂರುಬೈಟ್ · 3:50

ಆಂಡ್ರಾಯ್ಡಲ್ಲಿ ಸುಳ್ಳು ಲೊಕೇಶನ್ ಕೊಡೋ ಆ್ಯಪ್ ಯಾರು ಬೇಕಾದ್ರೂ ಹಾಕಬಹುದು. ಲೊಕೇಶನ್ ಅನುಕೂಲಕ್ಕೆ, ಬೀಗಕ್ಕಲ್ಲ. ಬೇಕಿದ್ರೆ ಬಾಗಿಲ ಒಳಗಡೆ ಎನ್‌ಟ್ಯಾಗ್ 215 ಎನ್‌ಎಫ್‌ಸಿ ಸ್ಟಿಕ್ಕರ್ ಅಂಟಿಸಿ, ಒಳಗೆ ಬಂದ ಮೇಲೆ ಫೋನ್ ತಾಗಿಸಿದ್ರೆ ಲೈಟು ಫ್ಯಾನು ಆನ್. ಲಾಕಿಗೆ ಕೀಪ್ಯಾಡ್ ಇರಲಿ.

ಗಿರ್ಮಿಟ್ · 3:58

ಜಿಪಿಎಸ್ಸಿಗೆ ಮಹಡಿ ತಿಳಿಯೂದಿಲ್ಲ ಅನ್ನೂದನ್ನೂ ಬರೀರಿ. ಜೋನ್ ಅಂದ್ರ ಚಪ್ಪಟಿ ವೃತ್ತ. ಕೆಳಗ ಕ್ಲಬ್‌ಹೌಸಿನ್ಯಾಗ ಕೂತ್ರೂ, ಟೆರೇಸಿನ್ಯಾಗ ಹಪ್ಪಳ ಒಣಗಸ್ಲಿಕ್ಕೆ ಹೋದ್ರೂ ಮನ್ಯಾಗ ಅದೀರಿ ಅಂತನ ಲೆಕ್ಕ. ಅಲ್ಲಿ ನನ್ನ ವೈಫೈನ ಗೆಲ್ತದ, ನೋಡ್ರಿ ಮತ್ತ.

ಕುಡ್ಲದಕಡಲು · 4:03

ಅದು ಒಪ್ಪಿದೆ. ಎರಡನ್ನೂ ಒಂದೇ ಪರ್ಸನ್ನಿಗೆ ಸೇರಿಸಿದ್ರೆ ಆಯ್ತು. ರೂಟರ್ ಟ್ರ್ಯಾಕರ್ ‘ಹೋಮ್’ ಅಂದ್ರೆ ಪರ್ಸನ್ ಅದನ್ನೇ ಮೊದಲು ಕೇಳುವುದು. ಅದು ಇಲ್ಲ ಅಂದಾಗ ಮಾತ್ರ ಜಿಪಿಎಸ್ ಮಾತಿಗೆ ಬೆಲೆ. ಹಾಗಾಗಿ ರೂಟರ್ ಬಿದ್ದರೂ ಜಿಪಿಎಸ್ ಮನೆಯಲ್ಲೇ ಅಂತ ಹೇಳಿದ್ರೆ ಪರ್ಸನ್ ಅಲ್ಲಾಡುವುದಿಲ್ಲ. ಹಂಡೆನೀರು ಅವರ ತಪ್ಪು ಎನ್‌ಮ್ಯಾಪ್ ಬಳಸಿದ್ದಲ್ಲ, ಅದನ್ನು ಪರ್ಸನ್ ಒಳಗೆ ಹಾಕದೆ ನೇರ ಟ್ರಿಗರ್ ಮಾಡಿದ್ದು. ಆದ್ರೆ ಕ್ಲಬ್‌ಹೌಸಿಗೆ ಹೋದ್ದು ಇದರಿಂದ ತಿಳಿಯುವುದಿಲ್ಲ, ಜಿಪಿಎಸ್ ಮನೆ ಅಂತಲೇ ಹೇಳ್ತದಲ್ಲ.

ಹಂಡೆನೀರು · ಮಂಗಳವಾರ ರಾತ್ರಿ 8:15

ಮಾಡಿದ್ದು: ಹೊರಗಿನ ಜೋನ್ 4,000 ಮೀಟರ್, ಕೇಂದ್ರ ಮನೆಯದ್ದೇ ಕಾಪಿ. ಗೀಸರ್ ‘ಎಂಟರ್’ ಮೇಲೆ. ಐಫೋನಿಗೆ ಆ್ಯಪ್ ಹಾಕಿ ಅದನ್ನೂ ಎನ್‌ಮ್ಯಾಪನ್ನೂ ಒಂದೇ ಪರ್ಸನ್ನಿಗೆ ಸೇರಿಸಿದೆ, ಕನ್ಸಿಡರ್ ಹೋಮ್ 600. ಡೆವಲಪರ್ ಟೂಲ್ಸಿನ ಸ್ಟೇಟ್ಸ್ ಪುಟದಲ್ಲಿ ಟ್ರ್ಯಾಕರಿನ ಅಕ್ಷಾಂಶ ರೇಖಾಂಶ ಕೈಯಿಂದ ಬದಲಿಸಿ ಕೂತಲ್ಲೇ ಪರೀಕ್ಷೆ ಮಾಡಿದೆ, ಹೊಡೆಯಿತು. ಇವತ್ತು ಸಂಜೆ 6:41ಕ್ಕೆ ನಿಜವಾಗಿ ಹೊಡೆಯಿತು, ಬಾಗಿಲು ತೆಗೆದದ್ದು 7:04. ಡಿಲೇ ತೆಗೆದು ಪಲ್ಸ್‌ಟೈಮ್ 1800 ಹಾಕಿದ್ದೀನಿ, ರೀಬೂಟ್ ಶೆಡ್ಯೂಲ್ ಮಧ್ಯಾಹ್ನ 2ಕ್ಕೆ.

ಹೊರಡೋ ಲೈಟ್ ಆಫ್ ಕೂಡ ತಿಂಗಳಿಂದ ಓಡಿರಲಿಲ್ಲ. ಅದನ್ನೂ ಫ್ರಮ್ ಹೋಮ್ ಮಾಡಿದೆ.

ಬೇಲೂರುಬೈಟ್ · 8:22

ಪಲ್ಸ್‌ಟೈಮ್ 1800 ಅಂದ್ರೆ 30 ನಿಮಿಷ ಅಲ್ಲ. 111ರವರೆಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, 112ರಿಂದ ಮೇಲೆ ಸೆಕೆಂಡಿಗೆ 100 ಕೂಡಿಸಿ ಬರೀಬೇಕು. ನಿಮ್ಮದು 1,700 ಸೆಕೆಂಡಿಗೆ, 28 ನಿಮಿಷ 20 ಸೆಕೆಂಡಿಗೆ ಆಫ್ ಆಗುತ್ತೆ. 30 ಬೇಕಿದ್ರೆ 1900.

ಹಂಡೆನೀರು · 8:25

28 ಸಾಕು, ನೀರು ಕಾಯುತ್ತೆ. ಹಾಗೇ ಬಿಟ್ಟೆ.

ಮಂಡ್ಯಮೀಟರ್ · 8:31

ರೀಬೂಟ್ ಮಧ್ಯಾಹ್ನ 2ಕ್ಕೆ ಇಟ್ರಲ್ಲ, ಮನೆಯಿಂದ ಕೆಲಸ ಮಾಡೋ ದಿನ ಸೋಮವಾರನೇ ಅಲ್ವಾ ನಿಮ್ಗೆ? ಮೀಟಿಂಗ್ ಮಧ್ಯ ಮಾಯ ಆಯ್ತೀರ ನೋಡಿ.

ಹಂಡೆನೀರು · 8:33

ಅಯ್ಯೋ. ಮತ್ತೆ 3ಕ್ಕೇ ಹಾಕ್ತೀನಿ. ಗೀಸರಿಗೂ ಎನ್‌ಮ್ಯಾಪಿಗೂ ಈಗ ಸಂಬಂಧ ಇಲ್ವಲ್ಲ.